ಹಬ್ಶಿಗಳ ಋಣ, ಸಿದ್ದಿಗಳ ಪಾಲು

ಬುಕ್ಕಾಪಟ್ಟಣದಿಂದ ಶಿರಾ ಪೇಟೆಗೆ ಹೋಗಿಬರುವವರಿಗೆ ಮಲಿಕ್ ರೈಹಾನ್ ದರ್ಗಾ ಹೊಸದಲ್ಲ. ಬಿಜಾಪುರದ ಸೇನೆ ಶಿರಾವನ್ನು ವಶಪಡಿಸಿಕೊಂಡ ಬಳಿಕ ಇಲ್ಲಿ ಆಡಳಿತ ನಡೆಸಿದ ಸುಬೇದಾರನ ಗೋರಿಯದು. ಅದರ ಕಾಲ 1651. ಪುರಾತತ್ವ ಇಲಾಖೆ ಅದನ್ನು ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ಆದರೆ ಆ ಹೆಸರಿನ ಹಿಂದಿರುವ ಇತಿಹಾಸದ ಕಡೆಗೆ ನಮ್ಮ ಗಮನ ಹರಿದದ್ದು ಕಡಿಮೆ. ರೈಹಾನ್ ಎಂದರೆ ಪರಿಮಳದ ಗಿಡ. ಅಂಬರ್, ಸಂದಲ್, ಕಾಫೂರ್, ಯಾಕೂತ್, ರೈಹಾನ್ ಮುಂತಾಗಿ ಸುಗಂಧದ್ರವ್ಯಗಳ, ರತ್ನಗಳ ಹೆಸರುಗಳನ್ನು ಆಫ್ರಿಕದಿಂದ ಗುಲಾಮರಾಗಿ ತಂದವರಿಗೆ ಒಡೆಯರು ಇಡುತ್ತಿದ್ದರು. ತಾಯಿ ತಂದೆ ಇಟ್ಟ ಹೆಸರು ಸಂತೆಯಲ್ಲೇ ಅಳಿದುಹೋಗುತ್ತಿತ್ತು. ಶಿರಾದ ಗುಂಬಜ್ ಎದ್ದ ಕಾಲದಲ್ಲಿ ಬಿಜಾಪುರದ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಪ್ರಬಲನಾಗಿದ್ದ ಮಂತ್ರಿ ಇಖ್ಲಾಸ್ ಖಾನನ ಮೊದಲಿನ ಹೆಸರೂ ಮಲಿಕ್ ರೈಹಾನ್ ಎಂದೇ. ಆತ ಅಬಿಸೀನಿಯಾ ಮೂಲದವನು, ಅಂದರೆ ಹಬ್ಶಿ.

ಇಖ್ಲಾಸ್ ಖಾನ್ ಒಬ್ಬನೇ ಅಲ್ಲ. ಎರಡನೆಯ ಇಬ್ರಾಹೀಮ್ ಆದಿಲ್ ಶಾಹ್ ಬಾಲಕನಾಗಿದ್ದಾಗ 1582ರಿಂದ 1590ರವರೆಗೆ ರಾಜ್ಯದ ಸೂತ್ರ ಹಿಡಿದಿದ್ದವನು ದಿಲಾವರ್ ಖಾನ್ ಹಬ್ಶಿ. ಪ್ರವಾಸಿಗಳು ಬೆರಗಾಗಿ ನೋಡುವ ಇಬ್ರಾಹೀಮ್ ರೋಜಾದ ನಿರ್ಮಾಣದ ಹೊಣೆ ಹೊತ್ತವನು ಮಲಿಕ್ ಸಂದಲ್. ಇಥಿಯೋಪಿಯಾದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಅಹ್ಮದ್‌ನಗರ ರಾಜ್ಯವನ್ನೇ ಮೊಗಲರೆದುರು ಎತ್ತಿಹಿಡಿದ ಮಲಿಕ್ ಅಂಬರ್ ಕೂಡ ಕೆಲಕಾಲ ಬಿಜಾಪುರದ ಸೇವೆಯಲ್ಲಿದ್ದವನೇ. ಅಂದಮೇಲೆ, ಕನ್ನಡನಾಡಿನ ಆಡಳಿತ, ಯುದ್ಧ, ವಾಸ್ತುಶಿಲ್ಪಗಳ ಚರಿತ್ರೆಯಲ್ಲಿ ಆಫ್ರಿಕನ್ನರ ಪಾಲು ಅಡಿಟಿಪ್ಪಣಿಯಲ್ಲಿ ಮುಗಿಯುವಂಥದ್ದಲ್ಲ. ಗೋಲ್ ಗುಂಬಜಿನ ಪಿಸುಮಾತಿನ ಗ್ಯಾಲರಿಯ ಬಗ್ಗೆ ಉತ್ಸಾಹದಿಂದ ಹೇಳುವ ನಮ್ಮ ಎಷ್ಟು ಮಂದಿ ಅಧ್ಯಾಪಕರು ಈ ಹೆಸರುಗಳನ್ನು ತರಗತಿಯಲ್ಲಿ ಉಚ್ಚರಿಸಿದ್ದಾರೆ?

ಬೇರೆಡೆ ಇಂತಹ ಲೆಕ್ಕ ತೀರಿಸುವ ಪ್ರಯತ್ನ ನಡೆದಿದೆ. ಅಮೆರಿಕದ ಪಶ್ಚಿಮ ತೀರದ ಲಾಸ್ ಏಂಜಲಿಸ್ ನಗರವನ್ನು 1781ರಲ್ಲಿ ಸ್ಥಾಪಿಸಿದ 44 ಮಂದಿ ವಲಸಿಗರಲ್ಲಿ ಅರ್ಧಕ್ಕೂ ಹೆಚ್ಚು ಜನ ಆಫ್ರಿಕ ಮೂಲದ ರಕ್ತ ಹೊಂದಿದವರು. 1981ರ ದ್ವಿಶತಮಾನೋತ್ಸವದ ಹೊತ್ತಿಗೆ ಆ ನಗರ ಅದನ್ನು ಫಲಕದಲ್ಲಿ ಬರೆದು ಒಪ್ಪಿಕೊಂಡಿತು. ಕಪ್ಪು ಜನರು ತನ್ನ ಗಡಿಯೊಳಗೆ ಬಂದು ನೆಲೆಸಬಾರದೆಂದು ಸಂವಿಧಾನದಲ್ಲೇ ಬರೆದುಕೊಂಡಿದ್ದ ಒರೆಗಾನ್ ರಾಜ್ಯ 1926ರಲ್ಲಿ ಆ ಕಲಮನ್ನು ರದ್ದುಪಡಿಸಿತು. ಇರಾಕನ್ನು ಬೂದಿ ಮಾಡಿದ ಅಮೆರಿಕದಿಂದ ನೀತಿಪಾಠ ಕಲಿಯಬೇಕೆಂದು ನಾವು ಹೇಳುತ್ತಿಲ್ಲ. ಅಲ್ಲಿ ಕಪ್ಪು ಜನರೇ ಹೋರಾಡಿ ಪಡೆದುಕೊಂಡ ಮನ್ನಣೆಯದು, ಅದನ್ನು ಗೌರವಿಸೋಣ.

ನಮ್ಮಲ್ಲಾದರೋ ಹಬ್ಶಿ ಸರದಾರರ ಗೋರಿಗಳಿಗೆ ಚಾದರ ಹೊದಿಸುತ್ತೇವೆ, ಜೀವಂತ ಸಿದ್ದಿಗಳನ್ನು ಪರಕೀಯರಂತೆ ನೋಡುತ್ತೇವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಕಾಡಂಚಿನಲ್ಲಿ, ಕಲಘಟಗಿ, ಖಾನಾಪುರಗಳ ಕಡೆ ಬದುಕುವ ಈ ಜನರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. ಅವರ ಹಿರಿಯರಲ್ಲಿ ಅನೇಕರು ಗೋವಾದ ಪೋರ್ಚುಗೀಸರ ಬಂಧನದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಆದರೆ ಎಲ್ಲ ಪಾಪವನ್ನೂ ಪೋರ್ಚುಗೀಸರ ತಲೆಗೆ ಕಟ್ಟುವುದು ಅನುಕೂಲದ ಇತಿಹಾಸವಾದೀತು. ಅರಬ್ ವ್ಯಾಪಾರಿಗಳೂ ಈ ದಂಧೆಯಲ್ಲಿದ್ದರು, ನಮ್ಮ ಸುಲ್ತಾನರೂ ಕೊಂಡುಕೊಂಡರು. ಗುಲಾಮನ ವಿಮೋಚನೆಯನ್ನು ಪುಣ್ಯಕಾರ್ಯವೆಂದು ಸಾರಿದ ಧರ್ಮದ ಅನುಯಾಯಿಗಳು ಗುಲಾಮರ ಸಂತೆಯಲ್ಲಿ ನಿಂತು ಬೆಲೆ ಚೌಕಾಸಿ ಮಾಡಿದ್ದನ್ನು ಮುಚ್ಚಿಡುವುದರಿಂದ ಧರ್ಮಕ್ಕೆ ಯಾವ ಘನತೆಯೂ ಬರದು.

ಪ್ರತಿ ಜುಮಾದಲ್ಲಿ ಹಝ್ರತ್ ಬಿಲಾಲ್(ರ)ರ ಹೆಸರು ಹೇಳಿ ಕಣ್ಣೀರಿಡುವ ಭಾಷಣಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಅಬಿಸೀನಿಯಾದ ಆ ಗುಲಾಮನ ಕಂಠದಿಂದಲೇ ಪ್ರವಾದಿ(ಸ)ಯವರು ಅಝಾನ್ ಕೊಡಿಸಿದರು. ಹಳಿಯಾಳದ ಸಿದ್ದಿ ಯುವಕನೊಬ್ಬ ನಮ್ಮ ಪಟ್ಟಣಗಳ ಮಸೀದಿಗೆ ಬಂದರೆ ಮೊದಲ ಸಫ್‌ನಲ್ಲಿ ಜಾಗ ಸಿಕ್ಕೀತು. ನಮಾಝ್ ಮುಗಿದ ಮೇಲೆ? ಜಮಾಅತ್ ಕಮಿಟಿಯಲ್ಲಿ ಜಾಗವಿದೆಯೇ? ಮಗಳಿಗೆ ವರ ಹುಡುಕುವಾಗ ಆ ಮನೆಯ ಬಾಗಿಲನ್ನು ತಟ್ಟುವವರಿದ್ದಾರೆಯೇ? ಗುಂಗುರು ಕೂದಲಿನ ಹುಡುಗನನ್ನು ಬಸ್‌ನಿಲ್ದಾಣದಲ್ಲಿ ಗೇಲಿ ಮಾಡುವವರಲ್ಲಿ ಕಲಿಮಾ ಓದಿದವರು ಯಾರೂ ಇಲ್ಲವೆಂದು ಎದೆ ತಟ್ಟಿ ಹೇಳಬಲ್ಲೆವೇ?

ಸರಕಾರ ತಡವಾಗಿಯಾದರೂ ಒಂದಿಷ್ಟು ಮಾಡಿದೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳವರು ಅದೇ ಮಾನ್ಯತೆಗಾಗಿ 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ರಾಜ್ಯದ ಶಾಸನಸಭೆ ಪ್ರವೇಶಿಸಿದ ಪ್ರಥಮ ಸಿದ್ದಿ ಎನಿಸಿದರು. ಅವರ ಪಕ್ಷದೊಂದಿಗೆ ನಮಗಿರುವ ಭಿನ್ನಾಭಿಪ್ರಾಯ ಗುಟ್ಟಿನದಲ್ಲ, ಆದರೂ ಆ ಪ್ರವೇಶವನ್ನು ಸ್ವಾಗತಿಸಲು ಅದು ಅಡ್ಡಿಯಾಗಬೇಕಿಲ್ಲ. ಪರಿಶಿಷ್ಟ ಪಂಗಡದ ಮಾನ್ಯತೆಗೆ ಧರ್ಮದ ಅಡ್ಡಗೋಡೆಯಿಲ್ಲ. ಮುಸ್ಲಿಮ್ ಸಿದ್ದಿಗೂ ಪ್ರಮಾಣಪತ್ರದ ಪೂರ್ಣ ಹಕ್ಕಿದೆ. ಈ ಮಾಹಿತಿಯನ್ನು ಕಾಡಂಚಿನ ಮನೆಗಳಿಗೆ ತಲುಪಿಸಿ, ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿದಾರನ ಜೊತೆ ನಿಲ್ಲುವ ಕೆಲಸವನ್ನು ನಮ್ಮ ಸಂಘಸಂಸ್ಥೆಗಳು ವಹಿಸಿಕೊಳ್ಳಬಾರದೇಕೆ?

ಪಠ್ಯಪುಸ್ತಕ ಸಮಿತಿಗಳು ದಿಲಾವರ್ ಖಾನ್, ಇಖ್ಲಾಸ್ ಖಾನ್, ಮಲಿಕ್ ಸಂದಲ್‌ರನ್ನು ಅವರ ಮೂಲದೊಂದಿಗೆ ಪರಿಚಯಿಸಲಿ. ಅಲ್ಲಿಯತನಕ ಶಿರಾ, ಬುಕ್ಕಾಪಟ್ಟಣ, ಮಧುಗಿರಿಗಳ ಜಮಾಅತ್‌ಗಳು ಕೈಕಟ್ಟಿ ಕೂರಬೇಕಾಗಿಲ್ಲ. ಮುಂದಿನ ಶೈಕ್ಷಣಿಕ ವರ್ಷ ತಾವು ನೀಡುವ ವಿದ್ಯಾರ್ಥಿವೇತನದಲ್ಲಿ ಕೆಲವನ್ನಾದರೂ ಹಳಿಯಾಳ, ಮುಂಡಗೋಡದ ಸಿದ್ದಿ ಮಕ್ಕಳಿಗೆ ಮೀಸಲಿಡಲಿ. ಮೂರೂ ಧರ್ಮಗಳ ಸಿದ್ದಿ ಮಕ್ಕಳಿಗೆ ಎಂದು ಅರ್ಜಿಯಲ್ಲೇ ಸ್ಪಷ್ಟವಾಗಿ ನಮೂದಿಸಲಿ.