ಪಾವಗಡದ ಬಿಸಿಲು, ನೆರೆಹೊರೆಯ ಬೇಡಿಕೆ

ಬರಪೀಡಿತ ತಾಲ್ಲೂಕೆಂದೇ ಹೆಸರಾದ ಪಾವಗಡ ಇಂದು ಬಿಸಿಲನ್ನೇ ಬೆಳೆಯಾಗಿಸಿಕೊಂಡಿದೆ. ತಿರುಮಣಿ ಸೇರಿದಂತೆ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2018ರಲ್ಲಿ ಉದ್ಘಾಟನೆಗೊಂಡ ಸೌರ ಪಾರ್ಕ್, 2019ರ ಅಂತ್ಯಕ್ಕೆ 2,050 ಮೆಗಾವಾಟ್ ಸಾಮರ್ಥ್ಯ ತಲುಪಿತು. ರೈತರ ಭೂಮಿಯನ್ನು ಖರೀದಿಸದೆ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ.

ಹಾಗಿದ್ದಲ್ಲಿ ನೆರೆಯ ಮಧುಗಿರಿ, ಶಿರಾ, ಕೊರಟಗೆರೆಯ ಪಂಪ್‌ಸೆಟ್‌ಗಳಿಗೆ ಹಗಲಿಡೀ ತ್ರೀಫೇಸ್ ವಿದ್ಯುತ್ ದೊರೆಯಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಉತ್ತರ ತಂತಿಯಲ್ಲಿದೆ. ಸೌರಫಲಕ ನೀಡುವ ಡಿಸಿ ವಿದ್ಯುತ್ತನ್ನು ಇನ್ವರ್ಟರ್‌ಗಳು 50 ಹರ್ಟ್ಸ್‌ನ ಎಸಿಯಾಗಿಸುತ್ತವೆ. ಪರಿವರ್ತಕಗಳು ಅದನ್ನು ಹಂತಹಂತವಾಗಿ 400 ಕಿಲೋವೋಲ್ಟ್‌ಗೆ ಏರಿಸಿ ಗ್ರಿಡ್‌ಗೆ ಸೇರಿಸುತ್ತವೆ. ಅಲ್ಲಿ ಊರಿನ ಗುರುತು ಉಳಿಯದು. ರೈತನ ಪಂಪ್‌ಸೆಟ್ ಇರುವುದಾದರೋ 11 ಕಿಲೋವೋಲ್ಟ್ ಫೀಡರ್‌ನ ತುದಿಯಲ್ಲಿ. ಆ ಫೀಡರ್ ಕಡಿತಗೊಂಡರೆ ಪಂಪ್ ಮಾತ್ರವಲ್ಲ, ಮನೆಯ ಮೇಲಿನ ಬ್ಯಾಟರಿರಹಿತ ಸೌರ ಘಟಕವೂ ಸುಡುಬಿಸಿಲಿನಲ್ಲಿಯೇ ಸ್ತಬ್ಧ. ದುರಸ್ತಿಗೆ ಕಂಬವೇರಿದವನ ಜೀವರಕ್ಷಣೆಗಾಗಿ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ.

ಉಪಕೇಂದ್ರದ ಮಗ್ಗುಲಲ್ಲೇ ಸಣ್ಣ ಸೌರ ಘಟಕ ಸ್ಥಾಪಿಸಿ ಕೃಷಿ ಫೀಡರ್‌ಗಳಿಗೆ ಹಗಲು ವಿದ್ಯುತ್ ಒದಗಿಸುವ ಪಿಎಂ-ಕುಸುಮ್ 'ಸಿ' ಯೋಜನೆ ಈ ತಾಲ್ಲೂಕುಗಳಿಗೆ ಹತ್ತಿರದ ದಾರಿ. ಆದರೆ ಆ ಘಟಕಕ್ಕೂ ಫೀಡರೇ ಆಸರೆ. ಮೆಗಾವಾಟ್‌ಗಳನ್ನು ಎಣಿಸುವ ಸರ್ಕಾರ, ಹಳ್ಳಿಯ ತಂತಿಯ ಗಟ್ಟಿತನವನ್ನೂ ಅಷ್ಟೇ ಕಾಳಜಿಯಿಂದ ಪರೀಕ್ಷಿಸಬೇಕಿದೆ.