ಬಂಡಾ ಅಚೆಯ ಜನರು ಕಲಿಸುವ ಸಹನೆ

ಸಂಕಷ್ಟಕ್ಕೀಡಾದವರ ಮನೆಗೆ ಹೋಗಿ ‘ಸಬ್ರ್ ಮಾಡಿ’ ಎಂದು ಹೇಳಿ ಬಂದರೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಆ ಪದದ ನಿಜವಾದ ಭಾರವೇನೆಂಬುದು ಇಂಡೋನೇಷ್ಯಾದ ಬಂಡಾ ಅಚೆ ನಗರವನ್ನು ಸಂದರ್ಶಿಸಿದಾಗ ನಮಗೆ ಮನವರಿಕೆಯಾಯಿತು.

2004ರ ಡಿಸೆಂಬರ್ 26ರ ಬೆಳಿಗ್ಗೆ ಸಂಭವಿಸಿದ ಭೂಕಂಪ ಮತ್ತು ಸುನಾಮಿ ಅಚೆ ಪ್ರಾಂತದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಜೀವಗಳನ್ನು ಕಸಿದುಕೊಂಡಿತು. 2,600 ಟನ್ ತೂಕದ ಹಡಗೊಂದು ಎರಡು ಕಿಲೋಮೀಟರ್‌ಗೂ ಹೆಚ್ಚು ದೂರ ಒಳನಾಡಿಗೆ ಕೊಚ್ಚಿಬಂದು, ಇಂದಿಗೂ ಮನೆಗಳ ನಡುವೆ ನಿಂತಿದೆ. ಬೈತುರ್ರಹ್ಮಾನ್ ಮಸೀದಿಯು ಅಂದು ಬದುಕುಳಿದವರಿಗೆ ಆಸರೆಯಾಯಿತು; ಅದರ ಅಂಗಳವೇ ಮೃತದೇಹಗಳನ್ನು ಇರಿಸುವ ಸ್ಥಳವೂ ಆಯಿತು.

ಉಲೆ ಲೆಯ ಸಾಮೂಹಿಕ ದಫನಭೂಮಿಯಲ್ಲಿ ಮಲಗಿರುವ ಸಾವಿರಾರು ಮಂದಿಗೆ ಪ್ರತ್ಯೇಕ ಕಬರ್‌ಗಳಿಲ್ಲ. ತಮ್ಮವರು ಅಲ್ಲಿದ್ದಾರೋ ಇಲ್ಲವೋ ಎಂದು ತಿಳಿಯದೆಯೇ ಜನರು ಬಂದು ಎಲ್ಲರಿಗಾಗಿ ದುಆ ಮಾಡುತ್ತಾರೆ. ಬ್ಲಾಂಗ್ ಪಡಾಂಗ್ ಮೈದಾನದಲ್ಲಿ ನೆರವಿತ್ತ ಪ್ರತಿಯೊಂದು ದೇಶಕ್ಕೂ ಅದರದೇ ಭಾಷೆಯಲ್ಲಿ ಧನ್ಯವಾದ ಹೇಳುವ ಸ್ಮಾರಕಗಳಿವೆ. ಎಲ್ಲವನ್ನೂ ಕಳೆದುಕೊಂಡವರು ತಮ್ಮ ದುಃಖದೊಂದಿಗೆ ಪರರ ಉಪಕಾರವನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಜನರಿಗೆ ಕೃತಜ್ಞರಾಗುವುದು ಅಲ್ಲಾಹನಿಗೆ ಕೃತಜ್ಞರಾಗುವುದರ ಭಾಗವೆಂಬ ಪ್ರವಾದಿ(ಸ)ರವರ ಬೋಧನೆ ಅಲ್ಲಿ ಕಣ್ಣಿಗೆ ಕಾಣುವಂತಿದೆ.

ಅದಕ್ಕಿಂತಲೂ ದೊಡ್ಡ ಸಂಗತಿ ಇನ್ನೊಂದಿದೆ. ಸುಮಾರು ಮೂರು ದಶಕಗಳ ಕಾಲ ಸರಕಾರದ ಪಡೆಗಳೂ ಅಚೆಯ ಬಂಡುಕೋರರೂ ಪರಸ್ಪರ ರಕ್ತ ಹರಿಸಿದ್ದರು. ವಿಪತ್ತಿನ ನಂತರ ಎಂಟು ತಿಂಗಳು ತುಂಬುವ ಮುನ್ನವೇ, 2005ರ ಆಗಸ್ಟ್ 15ರಂದು, ಹೆಲ್ಸಿಂಕಿಯಲ್ಲಿ ಅವರು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು.

ಎಲ್ಲಿಯಾದರೂ ವಿಪತ್ತು ಬಂದೊಡನೆ ‘ಇದು ಅವರ ಪಾಪದ ಫಲ’ ಎಂದು ತೀರ್ಪು ನೀಡುವವರು ನಮ್ಮಲ್ಲಿದ್ದಾರೆ. ಆದರೆ ಮುಳುಗಿ ಸತ್ತ ವಿಶ್ವಾಸಿಯನ್ನೂ ಅವಶೇಷಗಳಡಿ ಸಿಲುಕಿ ಮಡಿದ ವಿಶ್ವಾಸಿಯನ್ನೂ ಪ್ರವಾದಿ(ಸ)ರವರು ಹುತಾತ್ಮರ ಸಾಲಿಗೆ ಸೇರಿಸಿದ್ದಾರೆ. ಸತ್ತವರ ಲೆಕ್ಕ ಅಲ್ಲಾಹನ ಬಳಿಯಿದೆ. ವಿಪತ್ತು ಪ್ರಶ್ನಿಸುವುದು ಬದುಕಿರುವವರನ್ನು.

ಸಹನೆಯೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ. ಸತ್ತವರನ್ನು ಗೌರವದಿಂದ ಮಣ್ಣು ಮಾಡುವುದು, ಮನೆಯನ್ನು ಮತ್ತೆ ಕಟ್ಟುವುದು, ಉಪಕಾರವನ್ನು ನೆನೆಯುವುದು, ಹಗೆಯನ್ನು ಕೈಬಿಡುವುದು - ಇವೆಲ್ಲವೂ ಸಹನೆಯೇ. ಒಂದು ಗೋಡೆಗಾಗಿ, ಅಂಗೈಯಗಲ ಜಮೀನಿಗಾಗಿ ಒಡಹುಟ್ಟಿದವರೇ ಸಲಾಮ್ ಹೇಳದೆ ವರ್ಷಗಳನ್ನು ಕಳೆಯುವ ಕುಟುಂಬಗಳು ನಮ್ಮ ಮೊಹಲ್ಲಾಗಳಲ್ಲಿವೆ. ಪರಸ್ಪರರ ಬಾಗಿಲು ತಟ್ಟಲು ನಾವು ಇನ್ನಾವ ಅಲೆಗಾಗಿ ಕಾಯುತ್ತಿದ್ದೇವೆ?