ಮಾಡಿಗೊಪ್ಪುವ ಮುಖಮಂಟಪ

ಮುಂಬೈ, ಪುಣೆಯಲ್ಲಿ ದುಡಿಯುವ ಮಕ್ಕಳು ಕರಾವಳಿಯ ಊರಮನೆಗೆ ಮಾಡಿಸುವ ರಿಪೇರಿಗಳಲ್ಲಿ ಕಾರಿನ ಪೋರ್ಟಿಕೊ ಒಂದು. ನಾಲ್ಕೂ ಕಡೆ ಇಳಿಯುವ ಹಂಚಿನ ಮಾಡಿನೆದುರು ಚಪ್ಪಟೆ ಕಾಂಕ್ರೀಟ್ ಸ್ಲ್ಯಾಬು! ಆಟಿಯ ಮಳೆಗೆ ಮಾಡಿನ ನೀರೆಲ್ಲ ಸ್ಲ್ಯಾಬಿನ ಮೇಲೆ ಬೀಳುತ್ತದೆ. ಎರಡೂ ಸೇರುವಲ್ಲಿ ನಿಂತರೆ ಪಕ್ಕಾಸು ಲಡ್ಡಾಗುತ್ತದೆ.

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಈ ಹಂಚು ನಂಬಿರುವುದು ಇಳಿಜಾರನ್ನು. ಮಾಡನ್ನೇ ಮುಂದಕ್ಕೆಳೆದರೆ ಸೂರು ತಲೆಗೆ ತಾಗುತ್ತದೆ; ಇಳಿಜಾರು ತಗ್ಗಿಸಿದರೆ ಗಾಳಿಮಳೆ ಸಂದಿಯಲ್ಲಿ ನುಗ್ಗುತ್ತದೆ.

ಮೆಟ್ಟಿಲಿನ ಮೇಲಷ್ಟೇ ಅದೇ ಇಳಿಜಾರಿನ ಪುಟ್ಟ ಮಾಡು, ಸೇರುವಲ್ಲಿ ತಗಡಿನ ದೋಣಿ ಇದ್ದರೆ ಸಾಕು. ಕಾರಿಗೆ ಅಂಗಳದ ಬದಿಯಲ್ಲಿ ಬೇರೆ ಚಪ್ಪರವಾಗಲಿ. ವರ್ಷಕ್ಕೆ ಹತ್ತು ದಿನ ಬರುವ ಕಾರಿಗಾಗಿ, ದಿನವೂ ಜಗಲಿಯಲ್ಲಿ ಕೂರುವ ಅಮ್ಮನ ಬೆಳಕನ್ನು ಕಸಿಯಬೇಕೆ?